ತಪ್ಪಾಗಿ ಸೇರಿದ ಸಾಕ್ಷ್ಯ, ಬುಡವಿಲ್ಲದ ತಜ್ಞ ವರದಿ: ಕ್ರಿಮಿನಲ್ ಅಪೀಲು ಸಿದ್ಧಪಡಿಸುವ ಬಗೆ

ಮಂಗಳೂರು, ಉಡುಪಿಯ ಕೋರ್ಟುಗಳಲ್ಲಿ ಶಿಕ್ಷೆಯಾದ ಪ್ರಕರಣವೊಂದರ ಕಡತ ಮೊದಲ ಸಲ ಕೈಗೆ ಬಂದಿರುವ ಕಿರಿಯ ವಕೀಲರಿಗಾಗಿ ಈ ಬರಹ. ಕಾಗದಪತ್ರ ಹಿಡಿದು ಓಡಾಡುವ ಮನೆಯವರಿಗೂ ಇದರಲ್ಲಿ ಬೇಕಾದ ಸಂಗತಿಗಳಿವೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಸೇರಬಾರದ ಸಾಕ್ಷ್ಯ ದಾಖಲೆಗೆ ಸೇರಿತು ಎಂದು ತೋರಿಸಿದ ಮಾತ್ರಕ್ಕೆ ಶಿಕ್ಷೆ ರದ್ದಾಗುವುದಿಲ್ಲ. ಆಕ್ಷೇಪಿತ ಸಾಕ್ಷ್ಯವನ್ನು ಬದಿಗಿಟ್ಟರೂ ತೀರ್ಪನ್ನು ಎತ್ತಿಹಿಡಿಯುವಷ್ಟು ಬೇರೆ ಸಾಕ್ಷ್ಯ ಇದ್ದರೆ ತೀರ್ಪು ಉಳಿಯುತ್ತದೆ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 169 ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ಕಲಂ 167 ಆಗಿತ್ತು. ಹಾಗಾಗಿ ಅಪೀಲಿನ ಕೆಲಸ ಎರಡು ಪಾಲು. ಆ ಸಾಕ್ಷ್ಯ ಯಾಕೆ ಸೇರಬಾರದಿತ್ತು ಎಂಬುದು ಒಂದು ಪಾಲು. ಆ ಕಂಬ ತೆಗೆದರೆ ಮಾಡು ನಿಲ್ಲುವುದಿಲ್ಲ ಎಂದು ತೋರಿಸುವುದು ಇನ್ನೊಂದು. ಸೋತ ಅಪೀಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲ ಪಾಲು ಮಾತ್ರ.

ದಿನ ಎಣಿಸಿ, ಕೋರ್ಟು ಗುರುತಿಸಿ

ಬಂಟ್ವಾಳವಿರಲಿ, ಕಾರ್ಕಳವಿರಲಿ, ಮ್ಯಾಜಿಸ್ಟ್ರೇಟ್ ಕೋರ್ಟು ಕೊಟ್ಟ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಅಪೀಲು ಸಲ್ಲಬೇಕು. ಸೆಷನ್ಸ್ ಕೋರ್ಟು ಕೊಟ್ಟ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ. ಮರಣದಂಡನೆಯಾದರೆ 30 ದಿನ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠಕ್ಕೆ ಸೇರಿದವು. ಶಿರೂರಿನ ಪ್ರಕರಣ ಬೆಂಗಳೂರಿಗೆ ಹೋದರೆ ಪಕ್ಕದ ಭಟ್ಕಳದ್ದು ಧಾರವಾಡ ಪೀಠಕ್ಕೆ ಹೋಗುತ್ತದೆ. ಗಡಿಭಾಗದವರು ಇದನ್ನು ಮೊದಲೇ ನೋಡಿಕೊಳ್ಳಲಿ.

ತೀರ್ಪಿನ ಪ್ರತಿಯನ್ನು ಶಿಕ್ಷೆಯಾದವರಿಗೆ ಕೋರ್ಟೇ ಉಚಿತವಾಗಿ ಕೊಡಬೇಕು. ಅದು ಕೈಯಲ್ಲಿದ್ದರೂ ದೃಢೀಕೃತ ನಕಲಿಗೆ ತಡಮಾಡದೆ ಅರ್ಜಿ ಹಾಕಿ. ನಕಲಿನ ಹಿಂಬದಿಯ ಮುದ್ರೆಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಪಡೆದ ದಿನ ಎಂದು ಬರೆದಿರುತ್ತದೆ. ನಕಲು ತಯಾರಾಗಲು ಹಿಡಿದ ಸಮಯವನ್ನು ಕಾಲಮಿತಿಯಿಂದ ಕಳೆಯಲು ಆಧಾರ ಈ ಮುದ್ರೆಯೇ. ಸಿದ್ಧವಾದ ಮೇಲೆ ನೀವು ತಡವಾಗಿ ಹೋಗಿ ಪಡೆದರೆ ಆ ದಿನಗಳು ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ಗಡುವು ಮೀರಿದ್ದರೆ ವಿಳಂಬ ಮನ್ನಾ ಅರ್ಜಿಯಲ್ಲಿ ಪ್ರತಿ ದಿನಕ್ಕೂ ಕಾರಣ ಕೊಡಿ. ಜೈಲಿನಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳುಹಿಸಬಹುದು. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ಹೊಣೆ ಕಾನೂನು ಸೇವಾ ಪ್ರಾಧಿಕಾರದ್ದು. ಸಹಾಯವಾಣಿ 15100.

ಕಲಂ ಸಂಖ್ಯೆಗಳ ಗೊಂದಲವನ್ನೂ ಇಲ್ಲಿಯೇ ಬಿಡಿಸಿಕೊಳ್ಳಿ. ಹೊಸ ಕಾಯ್ದೆಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅಂದು ಬಾಕಿಯಿದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಮತ್ತು ಸಾಕ್ಷ್ಯ ಕಾಯ್ದೆಯಡಿಯೇ ಮುಂದುವರಿದವು. ಹೈಕೋರ್ಟಿನ ಅಪೀಲಿನ ತಲೆಬರಹದಲ್ಲಿ ಹಳೆಯ ಕಲಂ 374(2), ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 415(2) ಎರಡನ್ನೂ ಬರೆದುಬಿಡಿ. ಸಂಖ್ಯೆಯ ಕಾರಣಕ್ಕೆ ಕಚೇರಿ ಆಕ್ಷೇಪಣೆ ಬಂದು ವಾರ ಕಳೆಯುವುದು ತಪ್ಪುತ್ತದೆ.

ಶಿಕ್ಷೆ ಅಮಾನತಿನ ಅರ್ಜಿಯನ್ನು ಅಪೀಲಿನ ಜತೆಗೇ ಹಾಕಿ. ಹೊಸ ಸಂಹಿತೆಯಲ್ಲಿ ಅದು ಕಲಂ 430. ಶಿಕ್ಷೆ 3 ವರ್ಷ ಮೀರದೆ, ಆರೋಪಿ ಜಾಮೀನಿನಲ್ಲಿದ್ದರೆ, ಅಪೀಲು ಹಾಕುವಷ್ಟು ಸಮಯಕ್ಕೆ ವಿಚಾರಣಾ ಕೋರ್ಟೇ ಬಿಡುಗಡೆ ಕೊಡುತ್ತದೆ. ಜೀವಾವಧಿಯಂಥ ಶಿಕ್ಷೆಯಲ್ಲಿ ದಾರಿ ಕಿರಿದು. ಮೇಲ್ನೋಟಕ್ಕೇ ಎದ್ದು ಕಾಣುವ ದೋಷ ತೀರ್ಪಿನಲ್ಲಿರಬೇಕು ಎಂದು ಸುಪ್ರೀಂ ಕೋರ್ಟು ಓಂಪ್ರಕಾಶ್ ಸಾಹ್ನಿ ಪ್ರಕರಣದಲ್ಲಿ 2023ರಲ್ಲಿ ಹೇಳಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ಮೇಲೆ ನಿಂತ ತೀರ್ಪು ಅಂಥ ದೋಷಕ್ಕೆ ಉದಾಹರಣೆ. ತಜ್ಞರ ವರದಿಯ ಸೂಕ್ಷ್ಮಗಳನ್ನು ಈ ಅರ್ಜಿಯಲ್ಲಿ ಎಳೆದಾಡಬೇಡಿ. ಅವು ಅಂತಿಮ ವಾದಕ್ಕೆ ಇರಲಿ.

ಕಡತ ಓದುವ ಕ್ರಮ

ತೀರ್ಪಿನಿಂದ ಓದಲು ತೊಡಗಿದರೆ ನ್ಯಾಯಾಧೀಶರು ಕಂಡಂತೆಯೇ ನಿಮಗೂ ಪ್ರಕರಣ ಕಾಣುತ್ತದೆ. ದೂರು, ಪ್ರಥಮ ವರ್ತಮಾನ ವರದಿ, ಮಹಜರುಗಳು (ಪಂಚರ, ಅಂದರೆ ಸ್ಥಳದ ಸಾಕ್ಷಿಗಳ ಮುಂದೆ ಬರೆದ ವರದಿ), ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು (ಎದುರು ವಕೀಲರ ಪ್ರಶ್ನೋತ್ತರ), ತಜ್ಞರ ವರದಿ, ಆರೋಪಿ ಹೇಳಿಕೆ, ಕೊನೆಗೆ ತೀರ್ಪು: ಈ ಕ್ರಮದಲ್ಲಿ ಓದಿ. ಕೋರ್ಟಿನ ದಿನಚರಿ, ಅಂದರೆ ಆರ್ಡರ್ ಶೀಟನ್ನು ಬಿಡಬೇಡಿ. ಆಕ್ಷೇಪಣೆ ಎತ್ತಿದ್ದು, ತಜ್ಞರನ್ನು ಕರೆಸಲು ಅರ್ಜಿ ಹಾಕಿದ್ದು, ಅದು ವಜಾ ಆದದ್ದು ಸಿಗುವುದು ಅಲ್ಲಿ.

ಒಂದು ದೊಡ್ಡ ಹಾಳೆಯಲ್ಲಿ ಐದು ಅಂಕಣ ಎಳೆಯಿರಿ. ದಾಖಲೆಯ ಸಂಖ್ಯೆ, ಅಂದರೆ ನಿ.ಪಿ. (ಅಭಿಯೋಜನೆಯ, ಅಂದರೆ ಸರ್ಕಾರದ ಕಡೆಯ, ನಿಶಾನೆ) ಅಥವಾ ಮು.ಮಾ. (ಮುದ್ದೆಮಾಲು, ವಶಪಡಿಸಿದ ವಸ್ತು) ಎಷ್ಟು, ಯಾವ ಸಾಕ್ಷಿಯ ಮೂಲಕ ಗುರುತಿಸಿದ್ದು (ಸಂಖ್ಯೆ ಕೊಟ್ಟು ದಾಖಲೆಗೆ ಸೇರಿಸಿದ್ದು), ಆಗ ಆಕ್ಷೇಪಣೆ ಇತ್ತೇ ಮತ್ತು ಅದು ಎಲ್ಲಿ ದಾಖಲಾಗಿದೆ, ತೀರ್ಪಿನ ಯಾವ ಪ್ಯಾರಾದಲ್ಲಿ ಬಳಸಲಾಗಿದೆ, ಅದರಿಂದ ಯಾವ ಅಂಶ ಸಾಬೀತಾಯಿತು ಎಂದು ಕೋರ್ಟು ಹೇಳಿದೆ. ಕೊನೆಯ ಎರಡು ಅಂಕಣ ತುಂಬುವುದು ಬೇಸರದ ಕೆಲಸ. ಆದರೆ ಇಡೀ ಅಪೀಲು ಕುಳಿತಿರುವುದು ಅವುಗಳ ಮೇಲೆ. ತೀರ್ಪು ಬಳಸದೇ ಬಿಟ್ಟ ದಾಖಲೆಯ ಮೇಲೆ ನಾಲ್ಕು ಪುಟ ಆಧಾರ (ಅಪೀಲಿನ ಕಾರಣ) ಬರೆದರೆ ಪೀಠದ ತಾಳ್ಮೆ ಅಲ್ಲಿಯೇ ಮುಗಿಯುತ್ತದೆ.

ಕರಾವಳಿಯ ಕಡತಗಳಲ್ಲಿ ಒಂದು ವಿಶೇಷವಿದೆ. ಸಾಕ್ಷಿ ತುಳು, ಕೊಂಕಣಿ ಇಲ್ಲವೇ ಬ್ಯಾರಿಯಲ್ಲಿ ಮಾತಾಡಿರುತ್ತಾರೆ, ದಾಖಲಾಗುವುದು ಕನ್ನಡದಲ್ಲಿ. ಸಾಕ್ಷಿಯ ಭಾಷೆಯಲ್ಲೇ ಬರೆದುಕೊಳ್ಳಲಾಗದಿದ್ದರೆ ವಿಚಾರಣೆ ನಡೆಯುತ್ತಿರುವಂತೆಯೇ ನಿಜವಾದ ಅನುವಾದ ಸಿದ್ಧಪಡಿಸಬೇಕು ಎಂಬುದು ಹಳೆಯ ಸಂಹಿತೆಯ ಕಲಂ 277, ಹೊಸ ಸಂಹಿತೆಯ ಕಲಂ 312ರ ನಿಯಮ. ಹೈಕೋರ್ಟಿಗೆ ಹೋಗುವಾಗ ಅದರ ಮೇಲೆ ಇಂಗ್ಲಿಷ್ ಅನುವಾದ ಬೇರೆ ಆಗುತ್ತದೆ. ಅನುವಾದವನ್ನು ಟೈಪಿಸ್ಟರಿಗೆ ಬಿಟ್ಟು ಸುಮ್ಮನಿರಬೇಡಿ. ಅದರಲ್ಲೂ ವೈದ್ಯರ ಪಾಟೀ ಸವಾಲನ್ನು ಕನ್ನಡ ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿ.

ಆಕ್ಷೇಪಣೆ ಎರಡು ಬಗೆ

ದಾಖಲೆಯೇ ಸಾಕ್ಷ್ಯವಾಗಿ ಸಲ್ಲದು ಎಂಬುದು ಒಂದು ಬಗೆಯ ಆಕ್ಷೇಪಣೆ. ದಾಖಲೆ ಸಲ್ಲುತ್ತದೆ, ಸಾಬೀತುಪಡಿಸಿದ ವಿಧಾನ ತಪ್ಪು ಎಂಬುದು ಇನ್ನೊಂದು. 2003ರ ವೆಂಕಟಾಚಲ ಗೌಂಡರ್ ತೀರ್ಪು ಇವನ್ನು ಬೇರ್ಪಡಿಸಿದೆ. ಅದು ಸಿವಿಲ್ ಪ್ರಕರಣವಾದರೂ ಕ್ರಿಮಿನಲ್ ಕೋರ್ಟುಗಳು ಅದನ್ನೇ ಅನುಸರಿಸುತ್ತವೆ. ಮೊದಲ ಬಗೆಯದನ್ನು ಅಪೀಲಿನಲ್ಲೂ ಹೊಸದಾಗಿ ಎತ್ತಬಹುದು. ಎರಡನೆಯದನ್ನು ದಾಖಲೆ ಗುರುತಿಸುವ ಹೊತ್ತಿನಲ್ಲೇ ಎತ್ತಿರಬೇಕು. ಆಗ ಹೇಳಿದ್ದರೆ ಅಭಿಯೋಜನೆ ಕೊರತೆ ಸರಿಪಡಿಸಿಕೊಳ್ಳಬಹುದಿತ್ತು ಎಂಬುದು ಇದರ ಹಿಂದಿನ ತರ್ಕ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಮೊದಲ ಗುಂಪಿನದು. ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಇಲ್ಲದಿರುವುದು ಎರಡನೆಯ ಗುಂಪಿನದು ಎಂದು 2017ರ ಸೋನು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಚಾರಣೆಯಲ್ಲಿ ಬಾಯಿಬಿಡದೆ, ಕರೆ ವಿವರಗಳಿಗೆ ಪ್ರಮಾಣಪತ್ರವಿಲ್ಲವೆಂದು ಹೈಕೋರ್ಟಿನಲ್ಲಿ ಮೊದಲ ಬಾರಿಗೆ ಹೇಳಿದರೆ ನಡೆಯುವುದು ಕಷ್ಟ. ಆಕ್ಷೇಪಣೆ ಎತ್ತಿದ್ದಿರಾದರೆ 2014ರ ಅನ್ವರ್ ಮತ್ತು 2020ರ ಅರ್ಜುನ್ ಪಂಡಿತರಾವ್ ತೀರ್ಪುಗಳು ನಿಮ್ಮ ಕಡೆಗಿವೆ. ಎದುರು ಪಕ್ಷದವರು 2023ರ ಟಿ. ನಸೀರ್ ತೀರ್ಪು ತೋರಿಸುತ್ತಾರೆ. ಬೆಂಗಳೂರು ಸ್ಫೋಟದ ಆ ಪ್ರಕರಣದಲ್ಲಿ, ವಿಚಾರಣೆ ಮುಗಿಯುವ ಮುನ್ನ ಪ್ರಮಾಣಪತ್ರ ತರಲು ಸುಪ್ರೀಂ ಕೋರ್ಟು ಬಿಟ್ಟಿತು. ನಿಮ್ಮ ಪ್ರಕರಣದಲ್ಲಿ ವಿಚಾರಣೆ ಮುಗಿದು ತೀರ್ಪೇ ಬಂದಿದೆ. ಆ ವ್ಯತ್ಯಾಸವನ್ನು ಎತ್ತಿ ತೋರಿಸಿ.

‘ಆಕ್ಷೇಪಣೆಗೆ ಒಳಪಟ್ಟು ಗುರುತಿಸಲಾಗಿದೆ’ ಎಂಬ ಸಾಲು ಸಾಕ್ಷಿ ಹೇಳಿಕೆಗಳಲ್ಲಿ ಆಗಾಗ ಸಿಗುತ್ತದೆ. 2001ರ ಬಿಪಿನ್ ಪಾಂಚಾಲ್ ತೀರ್ಪಿನಿಂದ ಬಂದ ರೂಢಿ ಇದು: ಈಗ ಗುರುತಿಸಿ, ಕೊನೆಯಲ್ಲಿ ತೀರ್ಮಾನಿಸಿ. ಸಾಕ್ಷಿಗೆ ಕೇಳುವ ಪ್ರಶ್ನೆಯ ಮೇಲಿನ ಆಕ್ಷೇಪಣೆಯನ್ನು ಅಲ್ಲಿಂದಲ್ಲಿಗೇ, ತಪ್ಪಿದರೆ ಆ ಸಾಕ್ಷಿಯ ವಿಚಾರಣೆ ಮುಗಿದಾಗ ನಿರ್ಧರಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಸೂಚಿಸಿದೆ. ಆ ಸಾಲು ಕಂಡ ಕೂಡಲೇ ತೀರ್ಪಿನಲ್ಲಿ ಆಕ್ಷೇಪಣೆ ಏನಾಯಿತು ಎಂದು ಹುಡುಕಿ. ಅದರ ಸುದ್ದಿಯೇ ಇಲ್ಲದೆ ದಾಖಲೆಯನ್ನು ನಂಬಿದ್ದರೆ ನಿಮಗೊಂದು ಗಟ್ಟಿ ಆಧಾರ ಸಿಕ್ಕಂತೆ.

ಸ್ವಇಚ್ಛಾ ಹೇಳಿಕೆ

ನಮ್ಮ ರಾಜ್ಯದ ಕಡತಗಳಲ್ಲಿ ಅತಿ ಹೆಚ್ಚು ಬಾರಿ ತಪ್ಪಾಗಿ ಸೇರುವುದು ಇದೇ, ಆರೋಪಿ ಪೊಲೀಸರ ಮುಂದೆ ತಾನಾಗಿ ಕೊಟ್ಟನೆನ್ನುವ ಹೇಳಿಕೆ. ತನಿಖಾಧಿಕಾರಿ ಕಟಕಟೆಗೆ ಬಂದು, ‘ಆರೋಪಿ ಸ್ವಇಚ್ಛಾ ಹೇಳಿಕೆ ನೀಡಿದ, ಅದು ನಿ.ಪಿ.12’ ಎನ್ನುತ್ತಾರೆ. ಮೂರು ಪುಟದ ಹೇಳಿಕೆ ಇಡಿಯಾಗಿ ದಾಖಲೆಗೆ ಸೇರುತ್ತದೆ. ಅದರಲ್ಲಿ ದ್ವೇಷದ ಕಾರಣ, ಸಂಚು, ಹೊಡೆದ ಬಗೆ, ರಕ್ತ ತೊಳೆದ ಬಗೆ ಎಲ್ಲ ಇರುತ್ತದೆ. ತೀರ್ಪು ಬರೆಯುವಾಗ ದ್ವೇಷದ ಕಾರಣವೂ ಸಂಚೂ ಅಲ್ಲಿಂದಲೇ ಇಳಿದು ಬರುತ್ತವೆ.

ಕಾನೂನು ಬಿಟ್ಟಿರುವ ಕಿಂಡಿ ಬಹಳ ಸಣ್ಣದು. ಹಳೆಯ ಕಲಂ 27, ಈಗ ಸಾಕ್ಷ್ಯ ಅಧಿನಿಯಮದ ಕಲಂ 23ರ ಪರಂತುಕ, ಅಂದರೆ ಕಲಮಿನೊಳಗಿನ ವಿನಾಯಿತಿ. ಹೇಳಿಕೆಯಿಂದಾಗಿ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದ ಭಾಗ ಮಾತ್ರ ಸಲ್ಲುತ್ತದೆ. 1946ರ ಡಿಸೆಂಬರಿನಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಎಳೆದ ಗೆರೆ ಇಂದಿಗೂ ಅದೇ.

ಕಲ್ಪಿತ ಉದಾಹರಣೆಯೊಂದನ್ನು ಹತ್ತಿರದಿಂದ ನೋಡೋಣ. ಹೇಳಿಕೆಯಲ್ಲಿ ಹೀಗಿದೆ: ‘ಜಾಗದ ತಕರಾರಿನಿಂದ ಅವನನ್ನು ಕೊಲ್ಲಲು ನಿಶ್ಚಯಿಸಿ, ಕತ್ತಿಯಿಂದ ಕಡಿದು, ಸದರಿ ಕತ್ತಿಯನ್ನು ನನ್ನ ತೋಟದ ಬಾವಿಯ ಹಿಂದೆ ಮಡಲಿನ ರಾಶಿಯೊಳಗೆ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.’ ಇದರಲ್ಲಿ ಸಲ್ಲುವುದು ‘ಕತ್ತಿಯನ್ನು ಬಾವಿಯ ಹಿಂದೆ ಮಡಲಿನ ರಾಶಿಯೊಳಗೆ ಇಟ್ಟಿದ್ದೇನೆ, ತೋರಿಸುತ್ತೇನೆ’ ಎಂಬಷ್ಟೇ. ಅದರಿಂದ ಸಿದ್ಧವಾಗುವುದು ಕತ್ತಿ ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎಂಬುದು. ಜಾಗದ ತಕರಾರಿಗೂ ಕಡಿದದ್ದಕ್ಕೂ ಬೇರೆ ಸಾಕ್ಷಿ ಬೇಕು.

ಇಷ್ಟಕ್ಕೇ ನಿಲ್ಲಬೇಡಿ. ಈ ಪ್ರಶ್ನೆಗಳನ್ನು ಕಡತಕ್ಕೆ ಕೇಳಿ. ಆರೋಪಿ ಆಡಿದ ಮಾತು ಯಾವುದೆಂದು ತನಿಖಾಧಿಕಾರಿ ಕಟಕಟೆಯಲ್ಲಿ ಹೇಳಿದ್ದಾರೆಯೇ, ಇಲ್ಲ ಕಾಗದ ಗುರುತಿಸಿ ಸುಮ್ಮನಾದರೇ? 2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕೊರತೆಯನ್ನೇ ಹಿಡಿದು ವಸೂಲಾತಿಯನ್ನು (ಆರೋಪಿ ತೋರಿಸಿದನೆನ್ನುವ ವಸ್ತುವಿನ ಪತ್ತೆಯನ್ನು) ಬದಿಗಿಟ್ಟಿತು. ಪಂಚರು ಹೇಳಿಕೆ ಕೊಡುವಾಗ ಇದ್ದರೇ, ಆಮೇಲೆ ಜೀಪು ಹತ್ತಿದವರೇ? ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತೇ? ಬಾವಿಯ ಹತ್ತಿರಕ್ಕೆ ನೆರೆಯವರೂ ಬರುತ್ತಾರೆಯೇ? ತುಳು ಬಿಟ್ಟು ಬೇರೆ ಭಾಷೆಯಲ್ಲಿ ಸರಿಯಾಗಿ ಮಾತಾಡದ ವ್ಯಕ್ತಿಯ ಹೇಳಿಕೆ ‘ಸದರಿ’, ‘ಮೇಲ್ಕಂಡ’ ಎನ್ನುವ ಕಚೇರಿ ಕನ್ನಡದಲ್ಲಿದ್ದರೆ, ತುಳುವಿನಿಂದ ಕನ್ನಡಕ್ಕೆ ತಂದವರು ಯಾರು, ಅವರನ್ನು ಸಾಕ್ಷಿಯಾಗಿ ವಿಚಾರಿಸಿದ್ದಾರೆಯೇ? ಪಾಟೀ ಸವಾಲಿನಲ್ಲಿ ಈ ಪ್ರಶ್ನೆ ಬಂದಿದ್ದರೆ ನಿಮ್ಮ ಕೈ ಬಲವಾಗಿದೆ.

ಪ್ರತಿಕೂಲ ಸಾಕ್ಷಿಯ ಪೊಲೀಸ್ ಹೇಳಿಕೆಯ ಸಂಗತಿ ಚಿಕ್ಕದು. ಸಾಕ್ಷಿ ತಿರುಗಿಬಿದ್ದಾಗ ಅವನ ಹಿಂದಿನ ಹೇಳಿಕೆಯನ್ನು ತನಿಖಾಧಿಕಾರಿಯ ಮೂಲಕ ಗುರುತಿಸುತ್ತಾರೆ. ಅದನ್ನು ವೈರುಧ್ಯ ತೋರಿಸಲು ಬಳಸಬಹುದು, ಅದರೊಳಗಿನ ಸಂಗತಿ ನಿಜವೆಂದು ನಂಬುವಂತಿಲ್ಲ. ಹಳೆಯ ಸಂಹಿತೆಯ ಕಲಂ 162, ಹೊಸ ಸಂಹಿತೆಯ 181. ‘ಸಾಕ್ಷಿ ಪ್ರತಿಕೂಲವಾದರೂ ತನಿಖಾಧಿಕಾರಿ ಹೇಳಿಕೆಯನ್ನು ಸಮರ್ಥಿಸಿದ್ದಾರೆ’ ಎಂಬ ವಾಕ್ಯ ತೀರ್ಪಿನಲ್ಲಿ ಕಂಡರೆ ಕೆಂಪು ಗೆರೆ ಎಳೆಯಿರಿ.

ತಜ್ಞರ ವರದಿ

ತಜ್ಞರ ಅಭಿಪ್ರಾಯ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 45, ಈಗ ಸಾಕ್ಷ್ಯ ಅಧಿನಿಯಮದ 39ರಡಿ ಬರುತ್ತದೆ. ಕೋರ್ಟುಗಳು ಆಗಾಗ ಮರೆಯುವ ಕಲಂ ಹಳೆಯ 51, ಈಗಿನ 45: ಅಭಿಪ್ರಾಯ ಪ್ರಸ್ತುತವಾದಾಗ ಅದರ ಆಧಾರಗಳೂ ಪ್ರಸ್ತುತ. ತೀರ್ಮಾನ ಹೇಳಿ ಕೈತೊಳೆದುಕೊಳ್ಳುವುದು ತಜ್ಞರ ಕೆಲಸವಲ್ಲ, ಆ ತೀರ್ಮಾನವನ್ನು ಒರೆಗೆ ಹಚ್ಚಲು ಬೇಕಾದ ವೈಜ್ಞಾನಿಕ ಮಾನದಂಡವನ್ನು ನ್ಯಾಯಾಧೀಶರಿಗೆ ಒದಗಿಸಬೇಕು ಎಂದು ಸುಪ್ರೀಂ ಕೋರ್ಟು 1999ರ ಜೈಲಾಲ್ ತೀರ್ಪಿನಲ್ಲಿ ಹೇಳಿದೆ. ವರದಿ ಕೈಗೆತ್ತಿಕೊಂಡಾಗ ಐದು ಸಂಗತಿ ಹುಡುಕಿ: ಸಹಿ ಯಾರದ್ದು, ಅವರನ್ನು ವಿಚಾರಿಸಿದ್ದಾರೆಯೇ, ಮಾದರಿ ಅವರ ಕೈ ಸೇರಿದ ದಾರಿ, ಪರೀಕ್ಷೆಯ ವಿಧಾನ, ಅಭಿಪ್ರಾಯದ ಬಲ.

ಸಹಿಯಿಂದ ತೊಡಗೋಣ. ಕೆಲವು ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಓದಬಹುದು. ಹಳೆಯ ಸಂಹಿತೆಯ ಕಲಂ 293, ಹೊಸ ಸಂಹಿತೆಯ 329. ಪಟ್ಟಿಯಲ್ಲಿ ವಿಧಿ ವಿಜ್ಞಾನ ಪ್ರಯೋಗಾಲಯದ ನಿರ್ದೇಶಕರು, ಉಪನಿರ್ದೇಶಕರು, ಸಹಾಯಕ ನಿರ್ದೇಶಕರು, ರಾಸಾಯನಿಕ ಪರೀಕ್ಷಕರು, ಸೀರಾಲಜಿಸ್ಟ್ (ರಕ್ತದ ಪರೀಕ್ಷಕರು), ಬೆರಳಚ್ಚು ಬ್ಯೂರೋದ ನಿರ್ದೇಶಕರು ಮುಂತಾದವರಿದ್ದಾರೆ. ಸರ್ಕಾರ ಅಧಿಸೂಚನೆಯಿಂದ ಬೇರೆಯವರನ್ನೂ ಸೇರಿಸಬಹುದು. ಮಂಗಳೂರಿನ ಪ್ರಾದೇಶಿಕ ಪ್ರಯೋಗಾಲಯದ್ದಿರಲಿ, ಬೆಂಗಳೂರಿನದಿರಲಿ, ಸಹಿಯ ಕೆಳಗಿನ ಹುದ್ದೆಯ ಹೆಸರನ್ನು ಪಟ್ಟಿಗೂ ಅಧಿಸೂಚನೆಗೂ ಹೋಲಿಸಿ. ಮರಣೋತ್ತರ ಪರೀಕ್ಷಾ ವರದಿ ಈ ಪಟ್ಟಿಯಲ್ಲಿಲ್ಲ. ಅದನ್ನು ಆರೋಪಿ ಪರ ಒಪ್ಪಿಕೊಂಡಿರದಿದ್ದರೆ ವೈದ್ಯರೇ ಬಂದು ಹೇಳಬೇಕು. ಹೊಸ ಕಲಂ 330ರಡಿ ವರದಿಯನ್ನು ಒಪ್ಪುವ ಇಲ್ಲವೇ ಅಲ್ಲಗಳೆಯುವ ಗಡುವು ದಾಖಲೆ ಕೈಸೇರಿದ 30 ದಿನ. ವಿವಾದ ಎತ್ತದಿದ್ದರೆ ತಜ್ಞರನ್ನು ಕರೆಸುವಂತಿಲ್ಲ. ಈಗ ವಿಚಾರಣೆ ನಡೆಸುತ್ತಿರುವವರು ಈ ಗಡುವನ್ನು ಗೋಡೆಯ ಮೇಲೆ ಬರೆದಿಡಬೇಕು. ಅಲ್ಲಿ ಮಾಡಿದ ಮೌನ ಅಪೀಲಿನಲ್ಲಿ ತಿರುಗಿ ಹೊಡೆಯುತ್ತದೆ.

ಸಾಕ್ಷಿಯನ್ನು ಕರೆಸಬಹುದಿತ್ತು, ನೀವೇ ಅರ್ಜಿ ಹಾಕಲಿಲ್ಲ ಎಂಬುದು ಸರ್ಕಾರಿ ಅಭಿಯೋಜಕರ ಸಿದ್ಧ ಉತ್ತರ. ಅರ್ಜಿ ಹಾಕಿ ವಜಾ ಆಗಿದ್ದರೆ ಆ ಆದೇಶದ ನಕಲು ಪಡೆದು ಅದನ್ನೇ ಪ್ರತ್ಯೇಕ ಆಧಾರ ಮಾಡಿ. ಹಾಕಿಲ್ಲದಿದ್ದರೆ ಸಹಿಯ ವಾದಕ್ಕೆ ಹೆಚ್ಚು ಜಾಗ ಕೊಡದೆ ಮಾದರಿಯ ದಾರಿಗೆ ಹೋಗಿ. ಅಲ್ಲಿ ಸಾಬೀತು ಮಾಡುವ ಹೊರೆ ಅಭಿಯೋಜನೆಯದೇ.

ದಾರಿ ಎಂದರೆ ದಿನಾಂಕಗಳು. ವಶಪಡಿಸಿದ ದಿನ, ಪಿ.ಎಫ್. (ವಶಪಡಿಸಿದ ಸ್ವತ್ತಿನ ನಮೂನೆ) ಸಂಖ್ಯೆ, ಠಾಣೆಯಲ್ಲಿ ಯಾರ ವಶದಲ್ಲಿತ್ತು, ಮೊಹರು ಯಾವುದು, ಪ್ರಯೋಗಾಲಯಕ್ಕೆ ಒಯ್ದ ಸಿಬ್ಬಂದಿ ಯಾರು, ಅಲ್ಲಿ ಸ್ವೀಕರಿಸಿದ ದಿನ, ಮೊಹರು ಮಾದರಿಗೆ ತಾಳೆಯಾಯಿತೇ. ಒಯ್ದ ಕಾನ್‌ಸ್ಟೆಬಲ್ ಸಾಕ್ಷಿ ಪಟ್ಟಿಯಲ್ಲೇ ಇಲ್ಲದಿರುವುದು ಅಪರೂಪವಲ್ಲ. ಮಹಜರಿನಲ್ಲಿ ‘ಪಿ’ ಎಂಬ ಮೊಹರು, ವರದಿಯಲ್ಲಿ ಬೇರೊಂದು ಅಕ್ಷರ ಇದ್ದರೆ ಮುಂದಿನ ವಿಜ್ಞಾನವೆಲ್ಲ ಯಾವುದೋ ವಸ್ತುವಿನದ್ದಾಗುತ್ತದೆ. ಗಾಂಜಾ, ಎಂಡಿಎಂಎ ಪ್ರಕರಣಗಳಲ್ಲಿ ಇದರ ಜತೆಗೆ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ಕಲಂ 52ಎ ನೋಡಿ. ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು. ಸ್ಥಳದಲ್ಲೇ ತೆಗೆದ ಮಾದರಿಯ ಮೇಲಿನ ಶಿಕ್ಷೆಯನ್ನು 2023ರ ಸಿಮರ್ನ್‌ಜೀತ್ ಸಿಂಗ್ ತೀರ್ಪು ರದ್ದುಮಾಡಿತು.

ನೀರಿನಲ್ಲಿ ಸಿಕ್ಕಿದ ಶವದ ವರದಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆ, ಮಲ್ಪೆಯ ಕಡಲು ಇರುವ ಈ ಸೀಮೆಯಲ್ಲಿ ಇಂಥ ಪ್ರಕರಣ ಬಂದೇ ಬರುತ್ತದೆ. ಬದುಕಿದ್ದಾಗ ಮುಳುಗಿದ್ದೇ, ಸತ್ತ ಮೇಲೆ ಎಸೆದದ್ದೇ ಎಂದು ನಿರ್ಧರಿಸಲು ಡಯಾಟಮ್ ಪರೀಕ್ಷೆ ಬಳಸುತ್ತಾರೆ. ಡಯಾಟಮ್ ಎಂದರೆ ಸಿಲಿಕಾ ಕವಚದ ಸೂಕ್ಷ್ಮ ಪಾಚಿ. ಜೀವಂತ ಮುಳುಗಿದಾಗ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಮಜ್ಜೆಯನ್ನು ಆಮ್ಲದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಿಕ್ಕಿದ ಡಯಾಟಮ್ ಯಾವ ನೀರಿನದು ಎಂದು ಹೇಳಲು ಆ ಜಾಗದ ನೀರಿನ ಮಾದರಿ ಬೇಕೇಬೇಕು. ನೇತ್ರಾವತಿಯ ಮೇಲ್ಭಾಗದ ಪಾಣೆಮಂಗಳೂರಿನಲ್ಲಿ ತಳ್ಳಿದರು ಎಂಬ ಆರೋಪವಿದ್ದು, ಶವ ಅಳಿವೆಯ ಪಕ್ಕದ ಬೆಂಗ್ರೆಯ ಬಳಿ ಸಿಕ್ಕಿದ್ದು, ನೀರನ್ನು ಬೆಂಗ್ರೆಯಲ್ಲಿ ಮಾತ್ರ ತೆಗೆದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ, ಅಲ್ಲಿನ ಡಯಾಟಮ್ ಬೇರೆ. ಮಳೆಗಾಲದ ಸಾವಿಗೆ ಬೇಸಿಗೆಯಲ್ಲಿ ತೆಗೆದ ನೀರೂ ಪ್ರಯೋಜನಕ್ಕೆ ಬಾರದು. ಪರೀಕ್ಷೆಗೆ ಬಳಸಿದ ನೀರು, ಗಾಜಿನ ಪಾತ್ರೆಗಳಿಂದಲೇ ಡಯಾಟಮ್ ಸೇರಿಕೊಳ್ಳುವುದೂ ಉಂಟು. ಡಯಾಟಮ್ ಸಿಗಲಿಲ್ಲವೆಂದ ಮಾತ್ರಕ್ಕೆ ಮುಳುಗಿ ಸತ್ತಿಲ್ಲ ಎನ್ನಲೂ ಆಗದು. ವರದಿಯಲ್ಲಿ ಎಷ್ಟು ಸಿಕ್ಕಿತು, ಯಾವ ಜಾತಿ, ಯಾವ ಅಂಗದಲ್ಲಿ, ಹೋಲಿಕೆಯ ನೀರು ಎಲ್ಲಿಯದು ಎಂಬುದಿಲ್ಲದೆ ‘ಡಯಾಟಮ್ ಇದೆ’ ಎಂದಷ್ಟೇ ಇದ್ದರೆ ಅದು ಈಗಿನ ಕಲಂ 45 ಕೇಳುವ ಆಧಾರಗಳಿಲ್ಲದ ಅಭಿಪ್ರಾಯ.

ಸಾವಿನ ಸಮಯದ ಅಭಿಪ್ರಾಯವನ್ನೂ ಇದೇ ಕಣ್ಣಿನಿಂದ ನೋಡಿ. ನಮ್ಮ ಸೆಖೆಯಲ್ಲಿ ಶವ ಬೇಗ ಕೊಳೆಯುತ್ತದೆ, ನೀರಿನೊಳಗೆ ನಿಧಾನ. ಗಾಳಿಯಲ್ಲಿ 1 ವಾರ, ನೀರಿನಲ್ಲಿ 2 ವಾರ, ಮಣ್ಣಿನಲ್ಲಿ 8 ವಾರ ಎಂಬ ಹಳೆಯ ಸೂತ್ರ ಬರೀ ಅಂದಾಜು. ವೈದ್ಯರು 12ರಿಂದ 24 ಗಂಟೆ ಎಂದಿದ್ದರೆ, ತೀರ್ಪು ಅದನ್ನು ‘ಕೊನೆಯ ಬಾರಿ ಒಟ್ಟಿಗೆ ಕಂಡ ರಾತ್ರಿ 9 ಗಂಟೆಗೆ ಸರಿಹೊಂದುತ್ತದೆ’ ಎಂದು ಕುಗ್ಗಿಸಿದೆಯೇ ನೋಡಿ. ‘ಈ ಗಾಯ ಮು.ಮಾ.1ರಿಂದ ಆಗಿರಬಹುದು’ ಎಂದು ವೈದ್ಯರು ಹೇಳಿದ್ದು ತೀರ್ಪಿನಲ್ಲಿ ‘ಮು.ಮಾ.1ರಿಂದಲೇ ಆಗಿದೆ’ ಎಂದಾಗಿರುವುದೂ ಸಿಗುತ್ತದೆ. ಆಯುಧವನ್ನು ವೈದ್ಯರಿಗೆ ತೋರಿಸಿಯೇ ಇಲ್ಲದಿದ್ದರೆ 1976ರ ಕರ್ತಾರೇ ಮತ್ತು ಈಶ್ವರ್ ಸಿಂಗ್ ತೀರ್ಪುಗಳನ್ನು ಉಲ್ಲೇಖಿಸಿ. ತೋರಿಸುವುದು ಅಭಿಯೋಜನೆಯ ಕರ್ತವ್ಯ ಎನ್ನುತ್ತವೆ ಅವು.

ಡಿಎನ್‌ಎ ಎಂದ ಕೂಡಲೇ ಕೈಚೆಲ್ಲುವವರಿದ್ದಾರೆ. ಅಗತ್ಯವಿಲ್ಲ. 2022ರಲ್ಲಿ ರಾಹುಲ್ ವಿರುದ್ಧ ದೆಹಲಿ ಪ್ರಕರಣದಲ್ಲಿ ಮರಣದಂಡನೆಯಾಗಿದ್ದವರನ್ನು ಸುಪ್ರೀಂ ಕೋರ್ಟು ಖುಲಾಸೆ ಮಾಡಿದ ಕಾರಣಗಳಲ್ಲಿ, ಮಾದರಿಗಳು ದಿನಗಟ್ಟಲೆ ಪೊಲೀಸ್ ಮಾಲ್‌ಖಾನೆಯಲ್ಲಿ ಉಳಿದದ್ದೂ, ವರದಿಯ ತೀರ್ಮಾನಕ್ಕೆ ಆಧಾರವೇನೆಂದು ಕೆಳಗಿನ ಕೋರ್ಟುಗಳು ನೋಡದೇ ಇದ್ದದ್ದೂ ಸೇರಿವೆ. ವರದಿಯ ಜತೆ ಅಲೀಲ್ ಕೋಷ್ಟಕ (ಪ್ರತಿ ಜಾಗದಲ್ಲಿ ಕಂಡ ಡಿಎನ್ಎ ರೂಪಗಳ ಪಟ್ಟಿ) ಇದೆಯೇ, ಎಷ್ಟು ಲೋಕಸ್ (ಡಿಎನ್ಎಯ ಜಾಗ) ಪರೀಕ್ಷಿಸಿದ್ದಾರೆ, ಒಬ್ಬರಿಗಿಂತ ಹೆಚ್ಚು ಜನರ ಮಿಶ್ರಣವೇ, ಆಕಸ್ಮಿಕ ಹೊಂದಾಣಿಕೆಯ ಸಂಭವ ಎಷ್ಟೆಂದು ಲೆಕ್ಕ ಕೊಟ್ಟಿದ್ದಾರೆಯೇ, ಆರೋಪಿಯ ರಕ್ತ ತೆಗೆದ ವೈದ್ಯರು ಸಾಕ್ಷಿ ಹೇಳಿದ್ದಾರೆಯೇ ಎಂದು ನೋಡಿ. ‘ಹೊಂದಿಕೆಯಾಗುತ್ತದೆ’ ಎಂಬ ಒಂದು ಸಾಲಿನ ಮೇಲೆ ಜೀವಾವಧಿ ನಿಲ್ಲಬಾರದು.

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಅಪೀಲುಗಳಲ್ಲಿ ವಯಸ್ಸಿನ ಸಾಬೀತನ್ನು ಬೇರೆಯಾಗಿ ತೆಗೆದಿಡಿ. ಬಾಲನ್ಯಾಯ ಕಾಯ್ದೆಯ ಕಲಂ 94ರ ಕ್ರಮ ಪಾಲಿಸಬೇಕು, ಬರೀ ಶಾಲೆಯ ವರ್ಗಾವಣೆ ಪತ್ರ ಸಾಲದು ಎಂದು 2023ರ ಯುವಪ್ರಕಾಶ್ ತೀರ್ಪು ಹೇಳಿದೆ. ಮೂಳೆ ಪರೀಕ್ಷೆಯಾಗಿದ್ದರೆ ಎರಡೂ ಕಡೆಗೆ 2 ವರ್ಷದ ವ್ಯತ್ಯಾಸಕ್ಕೆ ಅವಕಾಶವಿದೆ ಎಂಬುದನ್ನು 1982ರಷ್ಟು ಹಿಂದೆಯೇ ಜಯಮಾಲಾ ಪ್ರಕರಣದಲ್ಲಿ ಗುರುತಿಸಲಾಗಿದೆ.

ಕೊನೆಯದಾಗಿ, ಆ ವರದಿಯನ್ನು ಆರೋಪಿಯ ಮುಂದಿಟ್ಟು ಕೇಳಿದ್ದಾರೆಯೇ? ಹಳೆಯ ಸಂಹಿತೆಯ ಕಲಂ 313, ಹೊಸ ಸಂಹಿತೆಯ 351ರ ಪ್ರಶ್ನಾವಳಿ ತೆಗೆಯಿರಿ. ಪ್ರತಿಕೂಲ ಸಂಗತಿಯನ್ನು ಕೇಳದೇ ಬಿಟ್ಟರೆ ಅದನ್ನು ಅವನ ವಿರುದ್ಧ ಬಳಸುವಂತಿಲ್ಲ. 1984ರ ಶರದ್ ಸಾರಡಾ ತೀರ್ಪು ಇದಕ್ಕೆ ಆಧಾರ. ಆದರೆ ಇದರಿಂದ ಆದ ತೊಂದರೆ ಏನೆಂದು ತೋರಿಸದೆ ಈ ವಾದ ಸಾಗುವುದಿಲ್ಲ.

ಆಧಾರ ಬರೆಯುವುದು

‘ನಿ.ಪಿ.12ನ್ನು ಅಂಗೀಕರಿಸಿದ್ದು ಕಾನೂನುಬಾಹಿರ, ದಾಖಲೆಗಳಿಗೆ ವಿರುದ್ಧ’ ಎಂಬ ಆಧಾರದಿಂದ ಪೀಠಕ್ಕೆ ಏನೂ ತಿಳಿಯುವುದಿಲ್ಲ. ಹೈಕೋರ್ಟಿಗೆ ಇಂಗ್ಲಿಷಿನಲ್ಲಿ ಬರೆಯುವಿರಿ, ಒಕ್ಕಣೆ ಈ ರೀತಿ ಇರಲಿ: ‘ತೀರ್ಪಿನ ಪ್ಯಾರಾ 41 ಮತ್ತು 44ರಲ್ಲಿ ದ್ವೇಷದ ಕಾರಣ ಸಾಬೀತಾಗಿದೆ ಎನ್ನಲಾಗಿದೆ. ಇದಕ್ಕೆ ಇರುವ ಏಕೈಕ ಆಧಾರ ನಿ.ಪಿ.12ರ ಎರಡನೇ ಪುಟ. ಅದು ಪೊಲೀಸರ ಮುಂದಿನ ತಪ್ಪೊಪ್ಪಿಗೆ, ಕಲಂ 23ರಂತೆ ಸಲ್ಲದು. ಗುರುತಿಸುವಾಗ ಎತ್ತಿದ ಆಕ್ಷೇಪಣೆ 18ನೇ ಸಾಕ್ಷಿಯ ಹೇಳಿಕೆಯಲ್ಲಿದೆ, ತೀರ್ಪಿನಲ್ಲಿ ನಿರ್ಧಾರವಾಗಿಲ್ಲ. ಅದನ್ನು ತೆಗೆದರೆ ಉಳಿಯುವುದು 3ನೇ ಸಾಕ್ಷಿಯ ಮಾತು; ಜಾಗದ ವಿಷಯ ತನಗೆ ಗೊತ್ತಿಲ್ಲವೆಂದು ಅವರು ಪಾಟೀ ಸವಾಲಿನಲ್ಲಿ ಒಪ್ಪಿದ್ದಾರೆ.’

ಪ್ರತಿ ಆಧಾರದಲ್ಲೂ ಈ ನಾಲ್ಕು ಇರಲಿ: ತೀರ್ಪಿನ ಪ್ಯಾರಾ, ದಾಖಲೆ, ಸಲ್ಲದಿರಲು ಕಾರಣ, ಉಳಿದ ಸಾಕ್ಷ್ಯದ ಸ್ಥಿತಿ. ಕಣ್ಣಾರೆ ಕಂಡ, ಪಾಟೀ ಸವಾಲಿನಲ್ಲಿ ಅಲುಗದ ಇಬ್ಬರು ಸಾಕ್ಷಿಗಳಿದ್ದರೆ ಕತ್ತಿಯ ವಸೂಲಾತಿ ಬಿದ್ದುಹೋದರೂ ಶಿಕ್ಷೆ ಉಳಿಯುವ ಸಂಭವ ಹೆಚ್ಚು. ಅದನ್ನು ಮನೆಯವರಿಗೆ ಮೊದಲೇ ಬಿಚ್ಚಿ ಹೇಳಿ. ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಮಾತ್ರ ಒಂದು ಕೊಂಡಿ ಕಳಚಿದರೂ ಸರಪಳಿ ಪೂರ್ಣವಾಗದು. ತಪ್ಪಾಗಿ ಸೇರಿದ ಸಾಕ್ಷ್ಯದ ವಾದಕ್ಕೆ ಬಲ ಬರುವುದು ಅಲ್ಲಿ.

ಏನು ಕೇಳಬೇಕು ಎಂಬುದನ್ನೂ ಯೋಚಿಸಿ. ಮರುವಿಚಾರಣೆ ಕೇಳುವುದು ಎರಡಲಗಿನ ಕತ್ತಿ. ಅಭಿಯೋಜನೆಗೆ ಕೊರತೆ ತುಂಬಿಕೊಳ್ಳಲು ಇನ್ನೊಂದು ಅವಕಾಶ ಸಿಗುತ್ತದೆ. ತಜ್ಞರನ್ನು ವಿಚಾರಿಸಿಲ್ಲ ಎಂಬುದೇ ನಿಮ್ಮ ಮುಖ್ಯ ವಾದವಾದರೆ, ಅಪೀಲು ಕೋರ್ಟು ಹಳೆಯ ಸಂಹಿತೆಯ ಕಲಂ 391, ಹೊಸ ಸಂಹಿತೆಯ 432ರಡಿ ಆ ತಜ್ಞರನ್ನೇ ಕರೆಸಬಹುದು. ರಕ್ತದ ಮಾದರಿಯ ವಿವಾದವಿದ್ದ 1963ರ ಉಖಾ ಕೊಲ್ಹೆ ಪ್ರಕರಣದಲ್ಲಿ, ಇಡೀ ಮರುವಿಚಾರಣೆಗಿಂತ ಹೆಚ್ಚುವರಿ ಸಾಕ್ಷ್ಯ ಪಡೆಯುವುದೇ ಸರಿಯಾದ ದಾರಿ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಹಾಗಾಗಿ ಖುಲಾಸೆಯನ್ನೇ ಮುಖ್ಯ ಪ್ರಾರ್ಥನೆ ಮಾಡಿ, ಮರುವಿಚಾರಣೆಯನ್ನು ಕಕ್ಷಿದಾರರೊಡನೆ ಮಾತಾಡಿ ಮಾತ್ರ ಪರ್ಯಾಯವಾಗಿ ಇಡಿ. ನಿಮ್ಮ ಕಡೆಯಿಂದ ಹೊಸ ತಜ್ಞರ ಅಭಿಪ್ರಾಯ ತರಬೇಕೆಂದಿದ್ದರೆ, ವಿಚಾರಣೆಯಲ್ಲಿ ಶ್ರಮಪಟ್ಟರೂ ಯಾಕೆ ತರಲಾಗಲಿಲ್ಲ ಎಂಬುದಕ್ಕೆ ಅಫಿಡವಿಟ್ ಬೇಕು. 2024ರ ಅಜಿತ್‌ಸಿಂಹ ರಾಥೋಡ್ ತೀರ್ಪಿನ ನಂತರ ಈ ಬಾಗಿಲು ಇನ್ನಷ್ಟು ಬಿಗಿಯಾಗಿದೆ.

ವಾದದ ದಿನಕ್ಕೆ ಎರಡು ಪುಟದ ಟಿಪ್ಪಣಿ ಸಾಕು: ಎಡಕ್ಕೆ ತೀರ್ಪು ನಂಬಿದ ಸಂಗತಿಗಳು, ಬಲಕ್ಕೆ ಸಲ್ಲದ ಸಾಕ್ಷ್ಯ ತೆಗೆದ ಮೇಲೆ ಉಳಿಯುವುದು, ಪುಟ ಸಂಖ್ಯೆ ಸಹಿತ. ವಕೀಲರು ಬರಲಿಲ್ಲವೆಂದು ಅಂಗೀಕೃತ ಅಪೀಲನ್ನು ವಜಾ ಮಾಡುವಂತಿಲ್ಲ, ದಾಖಲೆ ನೋಡಿಯೇ ತೀರ್ಮಾನಿಸಬೇಕು ಎಂದು 1996ರ ಬಾನಿ ಸಿಂಗ್ ತೀರ್ಪು ಹೇಳುತ್ತದೆ. ಆದರೂ ಪಟ್ಟಿಯಲ್ಲಿ ಪ್ರಕರಣ ಯಾವಾಗ ಬರುತ್ತದೆಂದು ಮನೆಯವರೂ ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣ ಸಂಖ್ಯೆ ಹಾಕಿ ನೋಡುತ್ತಿರಲಿ. ಹೈಕೋರ್ಟಿನಲ್ಲಿ ಸೋತರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನವಿದೆ. ಅಲ್ಲಿ ಸಾಕ್ಷ್ಯದ ಆಕ್ಷೇಪಣೆಯನ್ನು ಹೊಸದಾಗಿ ಎತ್ತುವುದು ಇನ್ನೂ ಕಷ್ಟ. ಆದ್ದರಿಂದ ಹೈಕೋರ್ಟಿನಲ್ಲಿ ಬಾಯಲ್ಲಿ ವಾದಿಸಿದ ಪ್ರತಿಯೊಂದು ಆಕ್ಷೇಪಣೆಯೂ ಲಿಖಿತ ವಾದದಲ್ಲಿ ಸೇರಿ ಕಡತದಲ್ಲಿ ಉಳಿದಿದೆ ಎಂದು ತೀರ್ಪು ಕಾಯ್ದಿರಿಸುವ ಮೊದಲೇ ಖಚಿತಪಡಿಸಿಕೊಳ್ಳಿ.